ಕಾಳಿ ನದಿಯ ರಾಫ್ಟಿಂಗ್ ಮತ್ತು ತೀರದ ಶಿಬಿರಗಳು

ಕಾಳಿ ನದಿಯ ರಾಫ್ಟಿಂಗ್ ಎಂಬುದು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ಮತ್ತು ದಾಂಡೇಲಿ ಭಾಗದಲ್ಲಿ ನಡೆಯುವ ಒಂದು ಸಾಹಸ ಜಲಕ್ರೀಡೆ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕುಳಿತು, ಬಂಡೆಗಳ ನಡುವೆ ರಭಸದಿಂದ ಹರಿಯುವ ನೀರಿನಲ್ಲಿ ಹುಟ್ಟು ಹಾಕುತ್ತ ಸಾಗುವುದು ಇದರ ಸ್ವರೂಪ. ಗಣೇಶಗುಡಿಯ ಬಳಿಯಿರುವ ಸೂಪಾ ಅಣೆಕಟ್ಟಿನ ಕೆಳಭಾಗದಿಂದ ದಾಂಡೇಲಿಯ ದಿಕ್ಕಿಗೆ ಹರಿಯುವ ನದಿಯ ಪಾತ್ರ ಇದರ ಮುಖ್ಯ ನೆಲೆ. ಈ ಪಾತ್ರದ ಇಕ್ಕೆಲಗಳಲ್ಲಿ ಡೇರೆಗಳು, ಕುಟೀರಗಳು, ಹೋಂಸ್ಟೇಗಳು ಹಾಗೂ ಐಷಾರಾಮಿ ರೆಸಾರ್ಟ್‌ಗಳು ಬೆಳೆದು, ದಾಂಡೇಲಿಯು ರಾಜ್ಯದ ಪ್ರಮುಖ ಸಾಹಸ ಪ್ರವಾಸಿ ತಾಣಗಳಲ್ಲಿ ಒಂದಾಗಿದೆ.

ಕರ್ನಾಟಕದ ಇತರ ರಾಫ್ಟಿಂಗ್ ನದಿಗಳು ಹೆಚ್ಚಾಗಿ ಮಳೆಗಾಲದಲ್ಲಿ ಮಾತ್ರ ಈ ಕ್ರೀಡೆಗೆ ಒದಗುತ್ತವೆ. ಕಾಳಿಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಮಳೆ ನಿಂತ ಮೇಲೆ ಋತು ಆರಂಭವಾಗಿ ಬೇಸಗೆಯವರೆಗೂ ನಡೆಯುತ್ತದೆ. ಸುತ್ತಲಿನ ಹಳ್ಳಗಳೆಲ್ಲ ಬತ್ತಿರುವ ಏಪ್ರಿಲ್ ತಿಂಗಳಿನಲ್ಲಿಯೂ ಇಲ್ಲಿ ದೋಣಿ ತೇಲಲು ಕಾರಣ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬೀಳುವ ನೀರು.

ಹೆಸರು ಮತ್ತು ಪರಿಭಾಷೆ

ಇಂಗ್ಲಿಷಿನ ‘ರಾಫ್ಟ್’ ಪದಕ್ಕೆ ಕನ್ನಡದಲ್ಲಿ ‘ತೆಪ್ಪ’ ಎಂಬ ಸಮಾನಪದವಿದೆ. ಮರದ ದಿಮ್ಮಿ ಅಥವಾ ಬಿದಿರುಗಳನ್ನು ಜೋಡಿಸಿ ಕಟ್ಟಿದ ತೇಲುಸಾಧನವೇ ತೆಪ್ಪ. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡನೆಯ ಬುಟ್ಟಿದೋಣಿಗೆ ‘ಹರಿಗೋಲು’ ಎಂದು ಹೆಸರು. ಆಡುಮಾತಿನಲ್ಲಿ ಅನೇಕ ಕಡೆ ಎರಡನ್ನೂ ತೆಪ್ಪವೆಂದೇ ಕರೆಯುವುದುಂಟು. ತುಂಗಭದ್ರೆಯಲ್ಲಿ ಹರಿಗೋಲಿನ ಬಳಕೆ ಬಹಳ ಹಳೆಯದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಹಂಪಿ–ಆನೆಗೊಂದಿ, ತಲಕಾಡು ಮುಂತಾದೆಡೆ ಹರಿಗೋಲು ಇಂದಿಗೂ ಉಂಟು. ಈಗ ದುಡಿಮೆಗಿಂತ ವಿಹಾರಕ್ಕೇ ಅದರ ಬಳಕೆ ಹೆಚ್ಚು.

‘ಬಿಳಿನೀರು’ ಎಂಬುದು ಇಂಗ್ಲಿಷ್ ಮಾತಿನ ನೇರ ಅನುವಾದವಾದರೂ ಅದರ ಅರ್ಥ ಕಣ್ಣಿಗೆ ಕಾಣುವಂಥದೇ. ನದಿಯ ಪಾತ್ರ ಕಡಿದಾಗಿ ಇಳಿಯುವಲ್ಲಿ ಅಥವಾ ಬಂಡೆಗಳ ನಡುವೆ ಕಿರಿದಾಗುವಲ್ಲಿ ನೀರಿನ ವೇಗ ಹೆಚ್ಚಿ, ಅದು ಮಗುಚಿ ಬೀಳುತ್ತ ಗಾಳಿಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅಸಂಖ್ಯ ಗುಳ್ಳೆಗಳಿಂದ ಬೆಳಕು ಚದುರಿ ನೀರು ಬೆಳ್ಳಗೆ ಕಾಣುತ್ತದೆ. ಇಂತಹ ಒಂದೊಂದು ರಭಸದ ಘಟ್ಟವನ್ನು ‘ರ‍್ಯಾಪಿಡ್’ ಎನ್ನುತ್ತಾರೆ. ಎರಡು ರ‍್ಯಾಪಿಡ್‌ಗಳ ನಡುವಿನ ಆಳವಾದ, ನಿಂತಂತೆ ಕಾಣುವ ನೀರಿಗೆ ಕನ್ನಡದಲ್ಲಿ ‘ಮಡು’ ಎಂಬ ಸೊಗಸಾದ ಪದವೇ ಇದೆ. ಆದರೆ ಶಿಬಿರಗಳ ಪ್ರಚಾರಪತ್ರಗಳಲ್ಲಿ ಅದಕ್ಕೆ ಇನ್ನೂ ಸ್ಥಾನ ದೊರೆತಿಲ್ಲ.

ನದಿ ಮತ್ತು ಅಣೆಕಟ್ಟುಗಳು

ಕಾಳಿ ನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹುಟ್ಟಿನಿಂದ ಸಂಗಮದವರೆಗೂ ಒಂದೇ ಜಿಲ್ಲೆಯಲ್ಲಿ ಹರಿಯುವ ಈ ನದಿಯ ಮೇಲೆ ರಾಜ್ಯದ ವಿದ್ಯುತ್ ವ್ಯವಸ್ಥೆಯ ಬಹುದೊಡ್ಡ ಭಾರವಿದೆ. ಕರ್ನಾಟಕ ವಿದ್ಯುತ್ ನಿಗಮವು ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ಮತ್ತು ಕದ್ರಾಗಳಲ್ಲಿ ಕಾಳಿಗೆ ಅಣೆಕಟ್ಟುಗಳನ್ನು ಕಟ್ಟಿದೆ. ಕೈಗಾ ಅಣುವಿದ್ಯುತ್ ಸ್ಥಾವರವೂ ಇದೇ ನದಿಯ ಕದ್ರಾ ಜಲಾಶಯದ ದಡದಲ್ಲಿದೆ.

ಇವುಗಳಲ್ಲಿ ಸೂಪಾ ಅತ್ಯಂತ ಮೇಲಿನದು ಮತ್ತು ಅತ್ಯಂತ ದೊಡ್ಡದು. 101 ಮೀಟರ್ ಎತ್ತರ, 332 ಮೀಟರ್ ಉದ್ದದ ಈ ಕಾಂಕ್ರೀಟ್ ಅಣೆಕಟ್ಟಿನ ಜಲಾಶಯ 140 ಟಿ.ಎಂ.ಸಿ. ಅಡಿಗಿಂತಲೂ ಹೆಚ್ಚು ನೀರನ್ನು ಹಿಡಿಯಬಲ್ಲದು. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳಿವೆ. ಆದರೆ ಸೂಪಾದ ಮುಖ್ಯ ಕೆಲಸ ವಿದ್ಯುತ್ ಉತ್ಪಾದಿಸುವುದಕ್ಕಿಂತ ಹೆಚ್ಚಾಗಿ ಮಳೆಗಾಲದ ನೀರನ್ನು ವರ್ಷವಿಡೀ ಬಳಸಲು ಕೂಡಿಡುವುದು. ಇಲ್ಲಿಂದ ಬಿಟ್ಟ ನೀರು ತೆರೆದ ನದಿಯಲ್ಲಿಯೇ ಗಣೇಶಗುಡಿ, ದಾಂಡೇಲಿಗಳನ್ನು ದಾಟಿ ಬೊಮ್ಮನಹಳ್ಳಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರಕ್ಕೆ ಧುಮುಕುತ್ತದೆ.

ರಾಫ್ಟಿಂಗ್ ನಡೆಯುವುದು ಈ ಎರಡು ಜಲಾಶಯಗಳ ನಡುವೆ ಉಳಿದಿರುವ ತೆರೆದ ನದಿಯ ಮೇಲ್ಭಾಗದಲ್ಲಿ. ಸೂಪಾದ ಯಂತ್ರಗಳು ತಿರುಗಿದಾಗ ಕೆಳಗೆ ನೀರು ಏರುತ್ತದೆ. ನಿಂತಾಗ ಇಳಿದು ಬಂಡೆಗಳು ಮೇಲೇಳುತ್ತವೆ. ವಿದ್ಯುತ್ ಬೇಡಿಕೆಯು ದಿನದ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ನದಿಯ ಮಟ್ಟವೂ ಒಂದೇ ಸಮನಾಗಿರುವುದಿಲ್ಲ. ಹೀಗಾಗಿ ರಾಫ್ಟಿಂಗ್ ಆಯೋಜಕರು ಮುಂಗಡ ಹಣ ಪಡೆದಿದ್ದರೂ ‘ನೀರು ಬಿಟ್ಟರೆ ಮಾತ್ರ’ ಎಂಬ ಷರತ್ತನ್ನು ಇಟ್ಟುಕೊಂಡಿರುತ್ತಾರೆ. ಇದನ್ನು ಅರಿಯದ ಪ್ರವಾಸಿಗರು ಒಣಗಿದ ಬಂಡೆಗಳನ್ನು ನೋಡಿ ಆಯೋಜಕರೊಡನೆ ಜಗಳವಾಡುವುದು ಅಪರೂಪವಲ್ಲ. ಮಟ್ಟ ಇದ್ದಕ್ಕಿದ್ದಂತೆ ಏರುವುದರಿಂದ, ದೋಣಿಯಿಲ್ಲದೆ ನದಿಯ ನಡುವಿನ ಬಂಡೆಗಳ ಮೇಲೆ ಹೋಗಿ ಕುಳಿತುಕೊಳ್ಳುವುದು ರಾಫ್ಟಿಂಗ್‌ಗಿಂತ ಹೆಚ್ಚು ಅಪಾಯಕರ.

ಜಲಾಶಯದ ಕೆಳಗೆ ಒಂದು ಊರಿದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪಟ್ಟಣ ತಾಲ್ಲೂಕಿನ ಕೇಂದ್ರವಾಗಿತ್ತು. ಇಂದಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕೆಂದೇ ಹೆಸರು. ಅಣೆಕಟ್ಟಿನ ಹಿನ್ನೀರಿನಲ್ಲಿ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ನಿರಾಶ್ರಿತರಾದ ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಊರು ಹೋದರೂ ಹೆಸರು ಮಾತ್ರ ಅಣೆಕಟ್ಟಿಗೆ ಅಂಟಿಕೊಂಡು ಉಳಿದಿದೆ.

ಯಾನದ ಕ್ರಮ

ರಭಸದ ನೀರಿನ ಕಷ್ಟವನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಆರು ದರ್ಜೆಗಳ ಮಾನದಂಡವಿದೆ. ಮೊದಲನೆಯ ದರ್ಜೆಯಲ್ಲಿ ಸಣ್ಣ ಅಲೆಗಳಷ್ಟೇ ಇರುತ್ತವೆ. ಆರನೆಯದು ದೋಣಿಯಲ್ಲಿ ದಾಟುವುದು ಬಹುಮಟ್ಟಿಗೆ ಅಸಾಧ್ಯವೆನ್ನುವಂಥದು. ಕಾಳಿಯ ರ‍್ಯಾಪಿಡ್‌ಗಳು ಸಾಮಾನ್ಯವಾಗಿ ಎರಡು ಮತ್ತು ಮೂರನೆಯ ದರ್ಜೆಗೆ ಸೇರುತ್ತವೆ. ಹೊಸಬರಿಗೆ ಎದೆ ಝಲ್ಲೆನಿಸಲು ಇಷ್ಟು ಸಾಕು. ತರಬೇತಾದ ಮಾರ್ಗದರ್ಶಕ ಜೊತೆಗಿದ್ದರೆ ಈಜು ಬಾರದವರೂ ಪಾಲ್ಗೊಳ್ಳಬಹುದು. ನದಿಯ ದರ್ಜೆ ಸ್ಥಿರವಾದುದಲ್ಲ. ಒಂದೇ ಘಟ್ಟ ನೀರು ಹೆಚ್ಚಾದಾಗ ಒಂದು ದರ್ಜೆ ಮೇಲೇರಬಹುದು, ಇಲ್ಲವೇ ಬಂಡೆಗಳು ಪೂರ್ತಿ ಮುಳುಗಿ ಸುಲಭವೂ ಆಗಬಹುದು.

ಗಣೇಶಗುಡಿಯ ಬಳಿ ಆರಂಭವಾಗುವ ದೀರ್ಘ ಯಾನ ಸುಮಾರು 9 ಕಿ.ಮೀ. ಇದ್ದು, ಎರಡು-ಮೂರು ಗಂಟೆ ಹಿಡಿಯುತ್ತದೆ. ಸಮಯವಿಲ್ಲದವರಿಗಾಗಿ ಒಂದೆರಡು ರ‍್ಯಾಪಿಡ್‌ಗಳನ್ನಷ್ಟೇ ದಾಟಿಸಿ ಮರಳಿಸುವ ಕಿರು ಯಾನಗಳೂ ಇವೆ. ಅರ್ಧ ಗಂಟೆಯ ಇಂತಹ ವಿಹಾರವನ್ನೂ ‘ರಾಫ್ಟಿಂಗ್’ ಎಂದೇ ಮಾರಲಾಗುವುದರಿಂದ, ಹಣ ಕೊಡುವ ಮುನ್ನ ಎಷ್ಟು ದೂರ ಎಂಬುದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಹೊರಡುವ ಮೊದಲು ದಡದಲ್ಲಿ ಒಂದು ಪಾಠ ನಡೆಯುತ್ತದೆ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಭುಜದ ಬಳಿ ಹಿಡಿದು ಮೇಲಕ್ಕೆತ್ತಿದರೆ ಅದು ಕಿವಿಯವರೆಗೆ ಜಾರಬಾರದು. ಹೆಲ್ಮೆಟ್ ಕಡ್ಡಾಯ. ಹುಟ್ಟಿನ ತುದಿಯಲ್ಲಿ ಅಡ್ಡಹಿಡಿ ಇರುತ್ತದೆ. ಅದರ ಮೇಲಿನ ಕೈಯನ್ನು ಯಾವ ಕಾರಣಕ್ಕೂ ಬಿಡಬಾರದು, ಏಕೆಂದರೆ ಸಡಿಲವಾದ ಅಡ್ಡಹಿಡಿ ಪಕ್ಕದವರ ಹಲ್ಲು ಮುರಿಯಬಲ್ಲದು. ದೋಣಿಯ ಅಂಚಿನಲ್ಲಿ ಕುಳಿತು, ಪಾದವನ್ನು ಒಳಗಿನ ಗಾಳಿಕೊಳವೆಯ ಕೆಳಗೆ ಸಿಕ್ಕಿಸಿಕೊಂಡು ಹುಟ್ಟು ಹಾಕುವುದು ಕ್ರಮ. ಹಿಂದೆ ಕುಳಿತ ಮಾರ್ಗದರ್ಶಕ ಕೊಡುವ ‘ಫಾರ್ವರ್ಡ್’, ‘ಬ್ಯಾಕ್’, ‘ಸ್ಟಾಪ್’, ‘ಗೆಟ್ ಡೌನ್’ ಎಂಬ ನಾಲ್ಕಾರು ಆಜ್ಞೆಗಳಿಗೆ ಎಲ್ಲರೂ ಒಟ್ಟಿಗೆ ಸ್ಪಂದಿಸಬೇಕು. ರ‍್ಯಾಪಿಡ್‌ನ ನಡುವೆ ಹೆದರಿ ಹುಟ್ಟು ನಿಲ್ಲಿಸಿದರೆ ದೋಣಿ ಹಿಡಿತ ತಪ್ಪಿ ಅಡ್ಡ ತಿರುಗುತ್ತದೆ. ಭಯವಾದಷ್ಟೂ ಹುಟ್ಟು ಹಾಕಬೇಕೆಂಬ ಈ ಸೂಚನೆ ಮೊದಲ ಸಲದವರಿಗೆ ವಿಚಿತ್ರವಾಗಿ ತೋರುತ್ತದೆ.

ನೀರಿಗೆ ಬಿದ್ದವರು ಮಾಡಬೇಕಾದುದು ಮತ್ತೂ ಮುಖ್ಯ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಹೀಗಿದ್ದರೆ ಎದುರಾಗುವ ಬಂಡೆಯನ್ನು ಕಾಲಿನಿಂದ ತಳ್ಳಬಹುದು. ಸೊಂಟದುದ್ದದ ನೀರೆಂದು ಎದ್ದು ನಿಲ್ಲಲು ಯತ್ನಿಸುವುದೇ ಅತ್ಯಂತ ಅಪಾಯದ ತಪ್ಪು: ಪಾದ ತಳದ ಬಂಡೆಗಳ ಸಂದಿಯಲ್ಲಿ ಸಿಲುಕಿದರೆ, ಹರಿವಿನ ಒತ್ತಡ ಮೈಯನ್ನು ಮುಂದಕ್ಕೆ ಬಾಗಿಸಿ ತಲೆಯನ್ನು ನೀರಿನಡಿ ಒತ್ತಿಹಿಡಿಯುತ್ತದೆ. ಚೆನ್ನಾಗಿ ಈಜಬಲ್ಲವರೂ ಇದರಿಂದ ಪಾರಾಗಲಾರರು.

ಮಾರ್ಗದರ್ಶಕರಲ್ಲಿ ನೇಪಾಳ ಮತ್ತು ಹೃಷೀಕೇಶದ ಕಡೆಯ ಅನುಭವಿಗಳ ಜೊತೆಗೆ ಸ್ಥಳೀಯ ಯುವಕರೂ ಇದ್ದಾರೆ. ರಾಜ್ಯದಲ್ಲಿ ಜಲಸಾಹಸದ ತರಬೇತಿ ನೀಡುವ ಸರ್ಕಾರಿ ಸಂಸ್ಥೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ.

ತೀರದ ಶಿಬಿರಗಳು

ನದಿ ದಡದಲ್ಲಿ ಪ್ರವಾಸಿ ಶಿಬಿರ ನಡೆಸುವ ಪದ್ಧತಿಯನ್ನು ಕರ್ನಾಟಕದಲ್ಲಿ ರೂಢಿಗೆ ತಂದ ಸಂಸ್ಥೆ 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. ಇದು ರಾಜ್ಯ ಸರ್ಕಾರದ ಉದ್ಯಮ. ಕಬಿನಿಯಿಂದ ಆರಂಭವಾದ ಇದರ ಚಟುವಟಿಕೆ ಕಾವೇರಿ ತೀರದ ಭೀಮೇಶ್ವರಿ, ಭದ್ರಾ ಹಿನ್ನೀರಿನ ಲಕ್ಕವಳ್ಳಿ ಮತ್ತು ದಾಂಡೇಲಿಗಳಿಗೆ ಹಬ್ಬಿತು. ದಾಂಡೇಲಿಯ ಇದರ ಕಾಳಿ ಶಿಬಿರ ಕಾಡಿನ ಸಫಾರಿ, ಹರಿಗೋಲು ವಿಹಾರ ಮತ್ತು ರಾಫ್ಟಿಂಗ್‌ಗಳನ್ನು ಒಂದೇ ಪ್ರವಾಸದಲ್ಲಿ ಜೋಡಿಸಿತು. ಗಣೇಶಗುಡಿಯಲ್ಲಿರುವ ಇದೇ ಸಂಸ್ಥೆಯ ‘ಓಲ್ಡ್ ಮ್ಯಾಗಜೀನ್ ಹೌಸ್’ ಪಕ್ಷಿವೀಕ್ಷಕರಲ್ಲಿ ಹೆಸರಾಗಿದೆ. ಇಲ್ಲಿ ‘ಮ್ಯಾಗಜೀನ್’ ಎಂದರೆ ಪತ್ರಿಕೆಯಲ್ಲ, ಮದ್ದಿನ ಮನೆ. ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಸಿಡಿಸುವ ಸ್ಫೋಟಕಗಳನ್ನು ಇಟ್ಟಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗಳು ಮೀಯಲೆಂದು ನೀರಿನ ತಟ್ಟೆಗಳನ್ನಿಡಲಾಗಿದೆ. ಅತಿಥಿಗಳು ಕ್ಯಾಮೆರಾ ಹಿಡಿದು ಸದ್ದಿಲ್ಲದೆ ಕಾಯುತ್ತಾರೆ.

ಖಾಸಗಿ ಶಿಬಿರಗಳು ನಂತರ ದೊಡ್ಡ ಸಂಖ್ಯೆಯಲ್ಲಿ ಬಂದವು. ಮಂಚ, ಹಾಸಿಗೆ, ವಿದ್ಯುದ್ದೀಪ, ಒಳಗೇ ಸ್ನಾನದ ಮನೆಯುಳ್ಳ ಡೇರೆಯ ವಾಸಕ್ಕೆ ‘ಗ್ಲ್ಯಾಂಪಿಂಗ್’ ಎಂಬ ಹೊಸ ಹೆಸರಿದೆ. ಗ್ಲಾಮರ್ ಮತ್ತು ಕ್ಯಾಂಪಿಂಗ್ ಪದಗಳನ್ನು ಬೆಸೆದು ಮಾಡಿದ ಈ ಮಾತು ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು. ಪದ ಹೊಸದಾದರೂ ಕಲ್ಪನೆ ಹಳೆಯದು. ರಾಜರ ದಂಡಯಾತ್ರೆ ಮತ್ತು ಬೇಟೆಯ ಬಿಡಾರಗಳಲ್ಲಿ ರತ್ನಗಂಬಳಿ ಹಾಸಿದ ಡೇರೆಗಳಿರುತ್ತಿದ್ದವು.

ಸ್ಪಾ ಸೇವೆ ಈ ಬಗೆಯ ಶಿಬಿರಗಳ ಇನ್ನೊಂದು ಆಕರ್ಷಣೆ. ಬೆಲ್ಜಿಯಂ ದೇಶದ ಸ್ಪಾ ಎಂಬ ಊರಿನಲ್ಲಿ ಖನಿಜಯುಕ್ತ ಬುಗ್ಗೆಗಳಿದ್ದು, ಅಲ್ಲಿ ಮಿಂದು ಆರೋಗ್ಯ ಪಡೆಯಲು ಜನ ಬರುತ್ತಿದ್ದುದರಿಂದ ಈ ಪದ ಹುಟ್ಟಿತು. ಇದನ್ನು ಲ್ಯಾಟಿನ್ ನುಡಿಗಟ್ಟೊಂದರ ಮೊದಲಕ್ಷರಗಳೆಂದು ವಿವರಿಸುವುದುಂಟು. ಅದು ನಂತರ ಕಟ್ಟಿದ ಕಥೆ. ಕರ್ನಾಟಕದ ಶಿಬಿರಗಳಲ್ಲಿ ಸ್ಪಾ ಎಂದರೆ ಹೆಚ್ಚಾಗಿ ಆಯುರ್ವೇದದ ಅಭ್ಯಂಗ, ಶಿರೋಧಾರೆ ಮತ್ತು ಹಬೆಸ್ನಾನ. ನರಕ ಚತುರ್ದಶಿಯ ಮುಂಜಾನೆ ಹಂಡೆಯ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿದವರಿಗೆ ಇದರ ತತ್ತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಹುಟ್ಟು ಹಾಕಿ ಭುಜ ನೊಂದವರಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದರಿಂದ ಹಾಯೆನಿಸುವುದು ನಿಜ. ಆದರೆ ಬಿದ್ದು ಪೆಟ್ಟಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು. ಕಾಳಿಯ ದಡದಲ್ಲಿ ಕಾಸಿಲ್ಲದ ಸ್ಪಾ ಒಂದಿದೆ: ಪುಟ್ಟ ರ‍್ಯಾಪಿಡ್‌ನ ಬಂಡೆಗಳ ನಡುವೆ ಲೈಫ್ ಜಾಕೆಟ್ ತೊಟ್ಟು ಕುಳಿತರೆ ನೊರೆನೀರೇ ಬೆನ್ನು ತಿಕ್ಕುತ್ತದೆ. ಇದನ್ನೇ ಶಿಬಿರಗಳು ‘ನ್ಯಾಚುರಲ್ ಜಕೂಝಿ’ ಎಂದು ಕರೆದು ಚಟುವಟಿಕೆಗಳ ಪಟ್ಟಿಯಲ್ಲಿ ಸೇರಿಸಿವೆ.

ಕರ್ನಾಟಕದ ಇತರ ನದಿಗಳು

ರಾಫ್ಟಿಂಗ್‌ಗೆ ಇಳಿಜಾರು, ಬಂಡೆ ಮತ್ತು ಸಾಕಷ್ಟು ನೀರು ಮೂರೂ ಒಂದೆಡೆ ಕೂಡಬೇಕು. ಬಯಲುಸೀಮೆಯ ನದಿಗಳಲ್ಲಿ ಇದು ಕೂಡುವುದಿಲ್ಲ. ಉದಾಹರಣೆಗೆ, ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೂಲಕ ಹರಿದು ತಮಿಳುನಾಡನ್ನು ಸೇರುತ್ತದೆ. ಆದರೆ ಈ ಭಾಗದಲ್ಲಿ ಅದು ನದಿಗಿಂತ ಹೆಚ್ಚಾಗಿ ಕೆರೆಗಳ ಸರಪಳಿ. ಬೆಂಗಳೂರು ಗ್ರಾಮಾಂತರದ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳವರು ನದಿತೀರದ ವಾಸ ಬಯಸಿದರೆ ಕಾವೇರಿಗೋ ಮಲೆನಾಡಿಗೋ ಹೋಗಬೇಕು.

ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಭೀಮೇಶ್ವರಿ ಹಿಂದೆ ಗಾಳದ ಶಿಬಿರವಾಗಿ ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿತ್ತು. ಕಾವೇರಿಯ ದೈತ್ಯ ಮಹಸೀರ್ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಪ್ರದೇಶವು ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದರಿಂದ ಈ ಕ್ರೀಡೆ ಅಲ್ಲಿ ನಿಂತಿತು. ಶಿಬಿರ ಈಗ ಸಾಹಸ ಹಾಗೂ ವಿಶ್ರಾಂತಿಯ ತಾಣ. ಸಮೀಪದ ಗಾಳಿಬೋರೆಯಲ್ಲಿಯೂ ಇಂತಹುದೇ ಶಿಬಿರವಿದೆ. ಕಾವೇರಿಯ ಬೆನ್ನು ಉಬ್ಬಿದ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಕೊಡಗಿನ ಬ್ರಹ್ಮಗಿರಿ ಶ್ರೇಣಿಯಿಂದ ಇಳಿದು ಕೇರಳಕ್ಕೆ ಹರಿಯುವ ಬರಪೊಳೆ ಕಾಳಿಗಿಂತ ಕಠಿಣ. ಅದು ಮಳೆನೀರನ್ನೇ ನಂಬಿದ ಹೊಳೆಯಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅಲ್ಲಿ ರಾಫ್ಟಿಂಗ್. ದುಬಾರೆಯ ಬಳಿ ಕಾವೇರಿಯಲ್ಲಿಯೂ, ಹೆಬ್ರಿಯ ಕಡೆ ಸೀತಾನದಿಯಲ್ಲಿಯೂ ಮಳೆಗಾಲದಲ್ಲಿ ಇದು ನಡೆಯುತ್ತದೆ.

ಸುರಕ್ಷತೆ ಮತ್ತು ನಿಯಂತ್ರಣ

ಕಾಳಿಯಲ್ಲಿ ಅಪಾಯಕ್ಕೆ ಮುಖ್ಯ ಕಾರಣ ದೋಣಿಯಲ್ಲಿ ಮಿತಿಮೀರಿ ಜನರನ್ನು ತುಂಬುವುದು. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ, ಮಕ್ಕಳೂ ಸೇರಿದಂತೆ ಹೆಚ್ಚು ಮಂದಿಯಿದ್ದ ರಾಫ್ಟ್ ಒಂದು ರಭಸದಲ್ಲಿ ಸಿಲುಕಿತು. ಎಲ್ಲರನ್ನೂ ರಕ್ಷಿಸಲಾಯಿತು. ದೃಶ್ಯ ರಾಜ್ಯದಾದ್ಯಂತ ಹರಡಿ, ಜಿಲ್ಲಾಡಳಿತವು ಜಲಕ್ರೀಡೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ವಾರಾಂತ್ಯದ ಜನಸಂದಣಿ, ಋತುವಿನ ಕೊನೆಯ ದಿನಗಳ ಆತುರ ಮತ್ತು ಆಯೋಜಕರ ನಡುವಿನ ದರದ ಪೈಪೋಟಿ ಒಟ್ಟಾದಾಗ ಇಂತಹ ಸಂದರ್ಭಗಳು ಒದಗುತ್ತವೆ. ಹದಿನಾಲ್ಕು ವರ್ಷಕ್ಕಿಂತ ಚಿಕ್ಕವರನ್ನು ರಭಸದ ನೀರಿಗೆ ಇಳಿಸಬಾರದೆಂಬುದು ಸಾಮಾನ್ಯ ನಿಯಮ. ಹೃದ್ರೋಗಿಗಳು, ಮೂರ್ಛೆರೋಗವುಳ್ಳವರು, ಗರ್ಭಿಣಿಯರು ಹಾಗೂ ಮದ್ಯ ಸೇವಿಸಿದವರು ಇದರಿಂದ ದೂರವಿರಬೇಕು. ದೋಣಿಯ ಜೊತೆಗೆ ರಕ್ಷಣಾ ಕಯಾಕ್ ಮತ್ತು ಎಸೆಯುವ ಹಗ್ಗದ ಚೀಲ ಇವೆಯೇ ಎಂಬುದನ್ನು ಪ್ರವಾಸಿಗನೇ ಕಣ್ಣಾರೆ ನೋಡಬಹುದು.

ದಾಂಡೇಲಿ ಪಟ್ಟಣದ ಸುತ್ತಲಿನ ನಿಧಾನ ಹರಿವಿನಲ್ಲಿ ಮೊಸಳೆಗಳಿವೆ. ರ‍್ಯಾಪಿಡ್‌ಗಳಿಗಿಂತ ಶಾಂತವಾಗಿ ಕಾಣುವ ಮಡುಗಳೇ ಈಜಲು ಹೆಚ್ಚು ಅಪಾಯಕಾರಿ ಎಂಬುದನ್ನು ಹೊರಗಿನವರು ಮರೆಯುತ್ತಾರೆ.

ಪರಿಸರ ಮತ್ತು ಸ್ಥಳೀಯರು

ಶಿಬಿರಗಳ ಸುತ್ತಲಿನ ಕಾಡು 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಿಡಲಾಯಿತು. ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳು ಇಲ್ಲಿವೆ. 2011ರಲ್ಲಿ ಇವುಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಗಿದೆ. ಹಣ್ಣು ಬಿಡುವ ದೊಡ್ಡ ಮರಗಳನ್ನೂ ಹಳೆಯ ಪೊಟರೆಗಳನ್ನೂ ನಂಬಿದ ಈ ಹಕ್ಕಿಗಳಿಗೆ ರಾತ್ರಿಯ ಧ್ವನಿವರ್ಧಕ, ಪ್ರಖರ ದೀಪಗಳು ಮತ್ತು ದಡದ ಮರಗಳ ಕಡಿತ ಹಿತವಲ್ಲ. ಗಂಗಾನದಿಯ ಹೃಷೀಕೇಶ–ಕೌಡಿಯಾಲ ಭಾಗದಲ್ಲಿ ಮರಳ ದಂಡೆಯ ಶಿಬಿರಗಳಿಂದ ಮಲಿನತೆ ಹೆಚ್ಚಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಡಿಸೆಂಬರ್‌ನಲ್ಲಿ ಅಲ್ಲಿ ಡೇರೆ ಹೂಡುವುದನ್ನು ತಡೆಯಿತು. ರಾಫ್ಟಿಂಗ್‌ಗೆ ತಡೆ ಇರಲಿಲ್ಲ. ನದಿಗೆ ಹೆಚ್ಚು ಹಾನಿ ದೋಣಿಯಿಂದಲ್ಲದೆ ದಡದ ವಾಸದಿಂದ ಎಂಬ ಈ ವಿವೇಚನೆ ಕಾಳಿಗೂ ಅನ್ವಯಿಸುವಂಥದು.

ಜೋಯಿಡಾ ಭಾಗದಲ್ಲಿ ಕುಣಬಿ, ಗೌಳಿ, ಸಿದ್ದಿ ಮುಂತಾದ ಸಮುದಾಯಗಳಿವೆ. ಕುಣಬಿಯರು ಬೆಳೆಯುವ ಬಗೆಬಗೆಯ ಗಡ್ಡೆಗೆಣಸುಗಳು ಪ್ರಸಿದ್ಧ. ಅವುಗಳ ಮೇಳವೂ ಜೋಯಿಡಾದಲ್ಲಿ ನಡೆಯುತ್ತದೆ. ರಾಫ್ಟಿಂಗ್ ಇಲ್ಲಿನ ಯುವಕರಿಗೆ ಮಾರ್ಗದರ್ಶಕ, ಚಾಲಕ, ಅಡುಗೆಯವರ ಕೆಲಸಗಳನ್ನು ತಂದಿದೆ. ಆದರೆ ಇವು ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಕೆಲಸಗಳು. ಮಳೆಗಾಲದಲ್ಲಿಯೂ ಜಲಕ್ರೀಡೆ ನಿಷೇಧವಾದಾಗಲೂ ಮೊದಲು ವರಮಾನ ನಿಲ್ಲುವುದು ಇವರದೇ. ಕಾಳಿಯ ನೀರನ್ನು ಉತ್ತರ ಕರ್ನಾಟಕದ ಒಣ ಜಿಲ್ಲೆಗಳಿಗೆ ತಿರುಗಿಸುವ ಪ್ರಸ್ತಾಪಗಳು ಬಂದಾಗ ದಾಂಡೇಲಿ ಮತ್ತು ಜೋಯಿಡಾಗಳಲ್ಲಿ ಪ್ರತಿಭಟನೆಗಳು ನಡೆದಿವೆ.

ತಲುಪುವ ಮಾರ್ಗ

ದಾಂಡೇಲಿಯು ಬೆಂಗಳೂರಿನಿಂದ 450 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಧಾರವಾಡಗಳ ಮೂಲಕ ರಸ್ತೆಯಿದೆ. ರೈಲಿನಲ್ಲಿ ಬರುವವರು ಹುಬ್ಬಳ್ಳಿ, ಧಾರವಾಡ ಅಥವಾ ಅಳ್ನಾವರದಲ್ಲಿ ಇಳಿದು ಬಸ್ಸಿನಲ್ಲಿ ಮುಂದುವರಿಯಬಹುದು. ಗಣೇಶಗುಡಿ ದಾಂಡೇಲಿಯಿಂದ ಸುಮಾರು 25 ಕಿ.ಮೀ. ದೂರ. ದಾರಿ ಕಾಡಿನ ನಡುವೆ ಸಾಗುವುದರಿಂದ ಬೆಳಕಿರುವಾಗಲೇ ಶಿಬಿರ ಸೇರುವಂತೆ ಹೊರಡುವುದು ಅನುಕೂಲ. ರಾಫ್ಟಿಂಗ್ ಇದೆಯೇ ಎಂಬುದನ್ನು ಹಿಂದಿನ ದಿನವೇ ಶಿಬಿರಕ್ಕೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳಬೇಕು.